ಕೋಟೆಗೋಡೆ ಪಕ್ಕದ ಮನೆ

ಮೊದಲನೆಯ ಮಹಾಯುದ್ಧ ಕಾಗದದ ಮೇಲೆ ಮುಗಿದಿತ್ತು. ಯೂಫ್ರೆಟಿಸ್ ದಂಡೆಯಲ್ಲಿ ಮುಗಿದಿರಲಿಲ್ಲ. 1920ರ ಮಾರ್ಚ್ ಕೊನೆಯಲ್ಲಿ, ಇಂದಿನ ಸಿರಿಯಾದ ಪೂರ್ವದ ಅಂಚಿನಲ್ಲಿರುವ ಸಾಲಿಹಿಯೆ ಎಂಬ ಹಳ್ಳಿಯ ಬಳಿ ಬ್ರಿಟಿಷ್ ಸೈನ್ಯದ ತುಕಡಿಯೊಂದು ಹಾಳುಬಿದ್ದ ಕೋಟೆಯೊಂದರಲ್ಲಿ ಬೀಡುಬಿಟ್ಟಿತ್ತು. ಸುತ್ತಲಿನ ಅರಬ್ ಬುಡಕಟ್ಟಿನವರೊಂದಿಗೆ ಚಕಮಕಿ ನಡೆದೇ ಇತ್ತು. ಗುಂಡಿಗೆ ಮರೆಯಾಗಲೆಂದು ಸಿಪಾಯಿಗಳು ಕೋಟೆಯ ಮೂಲೆಯಲ್ಲಿ ಕಂದಕ ತೋಡುವಾಗ ಮರಳು ಜಾರಿ, ಗೋಡೆಯ ಮೇಲೊಂದು ಬಣ್ಣದ ಮುಖ ಕಾಣಿಸಿತು. ಇನ್ನಷ್ಟು ಕೆದಕಿದರೆ ಇನ್ನಷ್ಟು ಮುಖಗಳು. ತುಕಡಿಯ ಕ್ಯಾಪ್ಟನ್ ಮರ್ಫಿ ಮೇಲಧಿಕಾರಿಗೆ ಚೀಟಿ ಬರೆದ. ಆ ಚೀಟಿ ಕೈಯಿಂದ ಕೈಗೆ ದಾಟಿ ಬಾಗ್ದಾದು ತಲುಪಿತು.

ಪುಸ್ತಕಗಳಲ್ಲಿ ಮರ್ಫಿಯ ಹೆಸರು ಉಳಿದಿದೆ. ಗುದ್ದಲಿ ಹಿಡಿದವರು ಭಾರತದವರು. ಅವರನ್ನು ಎಲ್ಲ ವರದಿಗಳೂ ‘ಭಾರತೀಯ ಸಿಪಾಯಿಗಳು’ ಎಂದು ಒಟ್ಟಾಗಿ ಕರೆದು ಮುಂದೆ ಹೋಗುತ್ತವೆ. ಯಾವ ಊರಿನವರು, ಯಾವ ದೇವರನ್ನು ನೆನೆಯುತ್ತಿದ್ದವರು ಎಂದು ಯಾರೂ ಕೇಳಿದಂತಿಲ್ಲ.

ಆ ಹೊತ್ತಿಗೆ ಶಿಕಾಗೊ ವಿಶ್ವವಿದ್ಯಾಲಯದ ಈಜಿಪ್ಟ್ ತಜ್ಞ ಜೇಮ್ಸ್ ಹೆನ್ರಿ ಬ್ರೆಸ್ಟೆಡ್ ಬಾಗ್ದಾದಿನಲ್ಲಿದ್ದ. ಆಡಳಿತದವರು ಚಿತ್ರಗಳನ್ನು ನೋಡಿಬರುವಂತೆ ಅವನನ್ನು ಕೇಳಿಕೊಂಡರು. ಮೇ ತಿಂಗಳ ಆರಂಭದಲ್ಲಿ ಅವನ ತಂಡ ಮೋಟಾರುಗಳಲ್ಲಿ ಅಲ್ಲಿಗೆ ಬಂದಾಗ ಸೈನ್ಯ ಹಿಂದೆ ಸರಿಯುವ ಸಿದ್ಧತೆಯಲ್ಲಿತ್ತು. ಅವನಿಗೆ ಸಿಕ್ಕಿದ್ದು ಒಂದೇ ಒಂದು ದಿನ. ಸಿಪಾಯಿಗಳು ಮರಳು ಸರಿಸಿದರು. ಬ್ರೆಸ್ಟೆಡ್ ಬರೆದುಕೊಂಡ, ಅಳೆದ, ಫೋಟೊ ತೆಗೆಸಿದ. ಒಂದು ಚಿತ್ರದಲ್ಲಿ ಜೂಲಿಯಸ್ ಟೆರೆಂಟಿಯಸ್ ಎಂಬ ರೋಮನ್ ದಳಪತಿ ತನ್ನ ಸೈನಿಕರೊಂದಿಗೆ ಧೂಪ ಅರ್ಪಿಸುತ್ತಿದ್ದಾನೆ. ಕೆಳಗೆ ಎರಡು ನಗರದೇವತೆಗಳು. ಅವರಲ್ಲೊಬ್ಬಳ ಪಕ್ಕದಲ್ಲಿ ಗ್ರೀಕ್ ಅಕ್ಷರಗಳಲ್ಲಿ ‘ದೂರಾ’ ಎಂದು ಬರೆದಿತ್ತು. ಹಳೆಯ ಗ್ರಂಥಗಳಲ್ಲಿ ಹೆಸರಷ್ಟೇ ಉಳಿದಿದ್ದ ದೂರಾ-ಯೂರೋಪೊಸ್ ಎಲ್ಲಿತ್ತೆಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಹಾಗೆ. ಮರುದಿನ ಎಲ್ಲರೂ ಹೊರಟರು.

ಆ ದಿನ ಯಾರಿಗೂ ಗೊತ್ತಿಲ್ಲದ ಸಂಗತಿಯೊಂದಿತ್ತು. ಆ ಚಿತ್ರಗಳಿದ್ದ ಮೂಲೆಯಿಂದ ಕೋಟೆಯ ಪಶ್ಚಿಮ ಗೋಡೆಯ ಉದ್ದಕ್ಕೆ ದಕ್ಷಿಣಕ್ಕೆ ನಡೆದರೆ, ನಗರದ ಹೆಬ್ಬಾಗಿಲು ದಾಟಿದ ಸ್ವಲ್ಪ ದೂರದಲ್ಲಿ, ಮಣ್ಣಿನಡಿ ಒಂದು ಮನೆಯಿತ್ತು. ಇಂದು ಕಾಲ ನಿಖರವಾಗಿ ತಿಳಿದಿರುವ ಕ್ರೈಸ್ತ ಪ್ರಾರ್ಥನಾಲಯಗಳಲ್ಲಿ ಅದೇ ಅತ್ಯಂತ ಹಳೆಯದು.

ದೂರಾ ದೊಡ್ಡ ಚರಿತ್ರೆಯ ನಗರವೇನಲ್ಲ. ಅಲೆಕ್ಸಾಂಡರನ ನಂತರ ಬಂದ ಸೆಲ್ಯೂಸಿಡರು ಕ್ರಿಸ್ತಪೂರ್ವ 300ರ ಸುಮಾರಿಗೆ ನದಿಯ ಮೇಲಿನ ಬೆಟ್ಟದಂಚಿನಲ್ಲಿ ಕಟ್ಟಿಸಿದ ಕಾವಲು ಠಾಣೆ ಅದು. ಪೂರ್ವಕ್ಕೆ ನದಿಯ ಕಡಿದಾದ ದಂಡೆ, ಉತ್ತರ ದಕ್ಷಿಣಗಳಲ್ಲಿ ಕಣಿವೆ. ಹಾಗಾಗಿ ಶತ್ರು ಬರುವುದಿದ್ದರೆ ಪಶ್ಚಿಮದ ಮರುಭೂಮಿಯ ಕಡೆಯಿಂದಲೇ ಬರಬೇಕು. ಕ್ರಿಸ್ತಪೂರ್ವ 113ರ ಸುಮಾರಿಗೆ ಪಾರ್ಥಿಯನ್ನರು ಅದನ್ನು ವಶಪಡಿಸಿಕೊಂಡರು, ಕ್ರಿ.ಶ. 165ರಲ್ಲಿ ರೋಮನ್ನರು. ಮೂರನೆಯ ಶತಮಾನದ ಆರಂಭದಲ್ಲಿ ರೋಮನ್ ಸೈನ್ಯ ನಗರದ ಉತ್ತರ ಭಾಗವನ್ನೆಲ್ಲ ತನ್ನ ಶಿಬಿರ ಮಾಡಿಕೊಂಡಿತು. ಪಾಲ್ಮೈರಾದ ಬಿಲ್ಲುಗಾರರ ಇಪ್ಪತ್ತನೆಯ ದಳ ಅಲ್ಲಿ ನೆಲೆಸಿತು. ಗ್ರೀಕ್, ಅರಾಮಿಕ್, ಲ್ಯಾಟಿನ್, ಹೀಬ್ರೂ, ಪಾರಸಿಕ ಭಾಷೆಗಳೆಲ್ಲ ಊರಿನ ಗೋಡೆಗಳ ಮೇಲೆ ಸಿಕ್ಕಿವೆ. ನೆಬುಖೆಲೊಸ್ ಎಂಬ ವ್ಯಾಪಾರಿಯಂತೂ ತನ್ನ ಮನೆಯ ಗೋಡೆಯನ್ನೇ ಲೆಕ್ಕದ ಪುಸ್ತಕ ಮಾಡಿಕೊಂಡಿದ್ದ. 239ರಲ್ಲಿ ಪಾರಸಿಕರು ಊರಿನ ಮೇಲೆ ಎರಗಿದ ಸುದ್ದಿಯೂ ಅಲ್ಲಿ ಗೀಚಲ್ಪಟ್ಟಿದೆ. ಧೂಪ ಅರ್ಪಿಸುತ್ತಿದ್ದ ಟೆರೆಂಟಿಯಸ್ ಸತ್ತಿದ್ದು ಬಹುಶಃ ಆ ದಾಳಿಯಲ್ಲೇ. ಅವನ ಹೆಂಡತಿ ಆರಿಯಾ ಬರೆಯಿಸಿದ ಸ್ಮರಣಲೇಖ ಊರಿನಲ್ಲಿ ಸಿಕ್ಕಿದೆ.

ಉತ್ಖನನದ ಕತೆ ಸಾಮ್ರಾಜ್ಯಗಳ ಹಂಚಿಕೆಯ ಕತೆಯೂ ಹೌದು. ಗಡಿ ಗೆರೆ ಎಳೆದಾಗ ಸಾಲಿಹಿಯೆ ಫ್ರೆಂಚರ ಪಾಲಾಯಿತು. ಬ್ರೆಸ್ಟೆಡ್‌ನ ವರದಿ ನೋಡಿದ ಪ್ಯಾರಿಸಿನ ಶಾಸನ ಅಕಾಡೆಮಿ ಬೆಲ್ಜಿಯಂನ ವಿದ್ವಾಂಸ ಫ್ರಾಂಟ್ಸ್ ಕ್ಯೂಮೊನನ್ನು ಕಳಿಸಿತು. 1922 ಮತ್ತು 1923ರಲ್ಲಿ ಅವನು ಫ್ರೆಂಚ್ ವಿದೇಶಿ ದಳದ ಸೈನಿಕರನ್ನೇ ಕೂಲಿಗಳಾಗಿ ಬಳಸಿ ಅಗೆಸಿದ. ಆಮೇಲೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯವೂ ಅದೇ ಅಕಾಡೆಮಿಯೂ ಕೂಡಿ 1928ರಿಂದ 1937ರವರೆಗೆ ಹತ್ತು ಹಂಗಾಮು ಅಗೆದವು. ಹಣ ರಾಕ್‌ಫೆಲ್ಲರ್ ನಿಧಿಯಿಂದ ಬಂತು. ಯೋಜನೆಯ ಹಿಂದಿದ್ದ ಮಿದುಳು, ರಷ್ಯದ ಕ್ರಾಂತಿಯಿಂದ ದೇಶ ಬಿಟ್ಟು ಯೇಲ್ ಸೇರಿದ್ದ ಇತಿಹಾಸಕಾರ ಮಿಖಾಯಿಲ್ ರೊಸ್ತೊವ್‌ತ್ಸೆಫ್. ದೂರಾವನ್ನು ಸಿರಿಯಾದ ಮರುಭೂಮಿಯ ಪಾಂಪೆ ಎಂದು ಕರೆದವನು ಅವನೇ. ಸ್ಥಳದಲ್ಲಿ ನಿಂತು ಅಗೆಸಿದವರು ಮೊದಲು ಮೋರಿಸ್ ಪಿಯೆ, 1931ರಿಂದ ಕ್ಲಾರ್ಕ್ ಹಾಪ್‌ಕಿನ್ಸ್. ಮಣ್ಣು ಹೊತ್ತವರು ಸುತ್ತಲಿನ ಹಳ್ಳಿಗಳ ನೂರಾರು ಜನ.

1932ರ ಜನವರಿಯಲ್ಲಿ, ಪಶ್ಚಿಮ ಗೋಡೆಯ ಹದಿನೇಳನೆಯ ಬುರುಜಿನ ಬಳಿ, ಗೋಡೆಗೆ ಅಂಟಿಕೊಂಡ ಬೀದಿಯ ಪಕ್ಕದಲ್ಲಿ ಒಂದು ಕೋಣೆಯ ಬಣ್ಣದ ಗೋಡೆ ಬಯಲಾಯಿತು. ಅಂಥ ಚಿತ್ರಿತ ಗುಡಿಗಳು ದೂರಾದಲ್ಲಿ ಆಗಲೇ ಹಲವು ಸಿಕ್ಕಿದ್ದವು. ಆದರೆ ಇಲ್ಲಿನ ಚಿತ್ರಗಳಲ್ಲಿ ಬೇರೆಯೇ ಕತೆಗಳಿದ್ದವು. ಹಾಸಿಗೆಯ ಮೇಲೆ ಮಲಗಿದ ರೋಗಿ, ಪಕ್ಕದಲ್ಲೇ ಅದೇ ಮನುಷ್ಯ ಎದ್ದು ಮಂಚವನ್ನು ಬೆನ್ನಿಗೇರಿಸಿಕೊಂಡು ನಡೆಯುತ್ತಿರುವುದು. ಅವನ ಮೇಲೆ ಕೈಚಾಚಿ ನಿಂತ ಗಡ್ಡವಿಲ್ಲದ ಯುವಕ. ದೋಣಿಯಲ್ಲಿ ಬೆರಗಾಗಿ ನಿಂತ ಜನ, ನೀರಿನ ಮೇಲೆ ಇಬ್ಬರು, ಅವರಲ್ಲೊಬ್ಬ ಮುಳುಗುತ್ತ ಕೈ ನೀಡುತ್ತಿದ್ದಾನೆ. ಸುವಾರ್ತೆ ಓದಿದವರಿಗೆ ಗುರುತು ಹಿಡಿಯಲು ಒಂದು ಗಳಿಗೆಯೂ ಬೇಡ. ಪಾರ್ಶ್ವವಾಯು ರೋಗಿ, ಯೇಸು, ಪೇತ್ರ. ನಮಗೆ ತಿಳಿದಿರುವ ಯೇಸುವಿನ ಚಿತ್ರಗಳಲ್ಲಿ ಇವು ಅತ್ಯಂತ ಹಳೆಯವುಗಳ ಸಾಲಿಗೆ ಸೇರುತ್ತವೆ. ಮುಂದೆ ಶತಮಾನಗಳು ರೂಢಿ ಮಾಡಿದ ನೀಳ ಕೂದಲು, ಗಡ್ಡ, ಪ್ರಭಾವಳಿ ಯಾವುದೂ ಇಲ್ಲಿಲ್ಲ; ಅಂದಿನ ಯಾವುದೇ ಉಪಾಧ್ಯಾಯನ ಉಡುಪಿನ ತರುಣನೊಬ್ಬ, ಅಷ್ಟೆ.

ಆ ಕೋಣೆಯ ಸುತ್ತ ಅಗೆಯುತ್ತ ಹೋದಂತೆ ಪೂರ್ತಿ ಮನೆ ಹೊರಬಂತು. ನಡುವೆ ಅಂಗಳ, ಸುತ್ತ ಕೋಣೆಗಳು, ಬೀದಿಯಿಂದ ನೇರವಾಗಿ ಒಳಗೆ ಕಾಣದಂತೆ ತಿರುವಿದ ಬಾಗಿಲು. ದೂರಾದಲ್ಲಿ ಇಂಥ ಮನೆ ಬೀದಿಗೆ ಹತ್ತು. ಗೋಡೆಯ ಗಾರೆ ಹಸಿಯಿದ್ದಾಗ ಯಾರೋ ಗೀಚಿದ ವರ್ಷ 232–33ಕ್ಕೆ ಹೊಂದುತ್ತದೆ. ಮನೆ ಕಟ್ಟಿದ ಕಾಲ ಅದೇ ಎಂದು ಸಾಮಾನ್ಯ ಅಭಿಪ್ರಾಯ. ಸುಮಾರು 240ರ ವೇಳೆಗೆ ಯಾರೋ ಅದನ್ನು ಕ್ರೈಸ್ತರ ಕೂಟಕ್ಕೆ ಬಿಟ್ಟುಕೊಟ್ಟರು, ಇಲ್ಲವೆ ಕೂಟವೇ ಕೊಂಡಿತು. ಎರಡು ಕೋಣೆಗಳ ನಡುವಿನ ಗೋಡೆ ಕೆಡವಿ ಸುಮಾರು 13 ಮೀಟರ್ ಉದ್ದ, 5 ಮೀಟರ್ ಅಗಲದ ಸಭಾಂಗಣ ಮಾಡಿದರು. ಪೂರ್ವದ ತುದಿಯಲ್ಲಿ ಬೋಧಕ ನಿಲ್ಲಲೋ ಕೂರಲೋ ಒಂದು ಪುಟ್ಟ ಜಗಲಿ. ಅರವತ್ತೆಪ್ಪತ್ತು ಜನ ಕೂರಬಹುದಾದ ಜಾಗ. ಹಳೆಯ ಮನೆಯಲ್ಲಿ ಊಟದ ಕೋಣೆಯನ್ನು ಅಲಂಕರಿಸಿದ್ದ ಮದ್ಯದೇವತೆ ಡಯೊನೈಸಸ್‌ನ ಗಾರೆ ಪಟ್ಟಿಯನ್ನು, ಕೊಳಲು ತಾಳ ಮುಖವಾಡಗಳ ಸಮೇತ, ಅವರು ತೆಗೆಯುವ ಗೋಜಿಗೆ ಹೋಗಲಿಲ್ಲ. ಅದರ ಕೆಳಗೇ ಪ್ರಾರ್ಥನೆ ನಡೆಯಿತು. ಧರ್ಮಗಳ ಇತಿಹಾಸ ಬರೆಯುವವರು ಈ ಗಾರೆ ಪಟ್ಟಿಗೆ ಕೊಡುವ ಗಮನ ಸಾಲದು ಎಂದು ನನ್ನ ಭಾವನೆ. ಹೊಸ ನಂಬಿಕೆಗೆ ಬಂದವರು ಹಳೆಯದನ್ನೆಲ್ಲ ಒಡೆದು ಬರುತ್ತಾರೆಂಬ ನಮ್ಮ ಕಲ್ಪನೆಗೆ ಇದು ಒಗ್ಗುವುದಿಲ್ಲ.

ಬಣ್ಣವಿದ್ದದ್ದು ಸಭಾಂಗಣದಲ್ಲಲ್ಲ, ವಾಯವ್ಯ ಮೂಲೆಯ ಆ ಚಿಕ್ಕ ಕೋಣೆಯಲ್ಲಿ. ಅದರ ಪಶ್ಚಿಮದ ಗೋಡೆಗೆ ಒತ್ತಿಕೊಂಡು ಒಂದು ತೊಟ್ಟಿ, ತೊಟ್ಟಿಯ ಮೇಲೆ ಕಂಬಗಳು ಹೊತ್ತ ಕಮಾನು, ಕಮಾನಿನ ಒಳಮೈಗೆ ನೀಲಿ ಬಣ್ಣ ಬಳಿದು ಬರೆದ ನಕ್ಷತ್ರಗಳು. ಮೊದಮೊದಲು ಕೆಲವರು ಇದನ್ನು ಹುತಾತ್ಮನೊಬ್ಬನ ಸಮಾಧಿ ಎಂದು ಊಹಿಸಿದ್ದುಂಟು. ಅದು ದೀಕ್ಷಾಸ್ನಾನದ ತೊಟ್ಟಿಯೆಂಬುದನ್ನು ಇಂದು ಬಹುತೇಕ ಎಲ್ಲರೂ ಒಪ್ಪುತ್ತಾರೆ. ತೊಟ್ಟಿಯ ಹಿಂದಿನ ಗೋಡೆಯಲ್ಲಿ ಟಗರನ್ನು ಹೆಗಲ ಮೇಲೆ ಹೊತ್ತ ಕುರುಬ, ಮುಂದೆ ಅವನ ಮಂದೆ. ಕೆಳಗಿನ ಮೂಲೆಯಲ್ಲಿ ಮರ, ಹಾವು, ಆದಾಮ, ಹವ್ವ. ಇವರನ್ನು ಆಮೇಲೆ ಯಾರೋ ಚಿಕ್ಕದಾಗಿ ಸೇರಿಸಿದ್ದಾರೆ. ದಕ್ಷಿಣದ ಗೋಡೆಯಲ್ಲಿ ಬಾವಿಯಿಂದ ನೀರು ಸೇದುವ ಹೆಂಗಸು. ಎರಡು ಬಾಗಿಲುಗಳ ನಡುವೆ ಗೊಲ್ಯಾತನ ಕತ್ತಿನ ಮೇಲೆ ಕತ್ತಿ ಎತ್ತಿದ ದಾವೀದ, ಇಬ್ಬರ ಹೆಸರೂ ಬರೆದಿದೆ. ಸೈನಿಕರ ಊರಿನಲ್ಲಿ ಈ ಚಿತ್ರಕ್ಕೆ ವಿಶೇಷ ಬೆಲೆ ಇದ್ದಿರಬೇಕು. ಗೋಡೆಯ ಮೇಲೆ ಭಕ್ತರು ತಮ್ಮ ಹೆಸರುಗಳನ್ನೂ ಗೀಚಿದ್ದಾರೆ. ಅವರಲ್ಲಿ ಪ್ರೊಕ್ಲೊಸ್ ಎಂಬವನು ಕ್ರಿಸ್ತನ ಹೆಸರಿನೊಂದಿಗೆ ತನ್ನನ್ನೂ ನೆನೆಯುವಂತೆ ಕೇಳಿಕೊಳ್ಳುತ್ತಾನೆ.

ಅತಿ ದೊಡ್ಡ ಚಿತ್ರ ಉತ್ತರ ಮತ್ತು ಪೂರ್ವದ ಗೋಡೆಗಳ ಕೆಳಭಾಗವನ್ನು ಸುತ್ತಿಕೊಂಡಿದೆ. ಬಿಳಿ ಉಡುಗೆಯ ಹೆಂಗಸರ ಸಾಲೊಂದು, ಕೈಯಲ್ಲಿ ಉರಿಯುವ ದೀವಟಿಗೆ ಹಿಡಿದು, ದೊಡ್ಡದೊಂದು ಬಿಳಿಯ ಆಕೃತಿಯ ಕಡೆಗೆ ನಡೆಯುತ್ತಿದೆ. ಆ ಆಕೃತಿಯ ಮೂಲೆಗಳ ಮೇಲೆ ನಕ್ಷತ್ರಗಳಿವೆ. ಜಗಳ ಇರುವುದು ಇಲ್ಲೇ. ಕಟ್ಟಡದ ಅಂತಿಮ ವರದಿಯನ್ನು 1967ರಲ್ಲಿ ಪ್ರಕಟಿಸಿದ ಕಾರ್ಲ್ ಕ್ರೇಲಿಂಗ್‌ನ ಪ್ರಕಾರ ಆ ಆಕೃತಿ ಕಲ್ಲಿನ ಶವಪೆಟ್ಟಿಗೆ. ಹೆಂಗಸರು ಯೇಸುವಿನ ಸಮಾಧಿಗೆ ಬಂದ ಮರಿಯಳೂ ಸಂಗಡಿಗರೂ. ಆದರೆ ಪೂರ್ವದ ಗೋಡೆಯಲ್ಲಿ ಉಳಿದಿರುವ ಪಾದಗಳನ್ನು ಎಣಿಸಿದರೆ ಐವರ ಸಾಲು ಬರುತ್ತದೆ. ಸುವಾರ್ತೆಯ ಸಮಾಧಿ ಪ್ರಸಂಗಕ್ಕೆ ಇದು ಹೆಚ್ಚಾಯಿತು. ಹಾಗಾಗಿ ಇವರು ಸುವಾರ್ತೆಯ ದೃಷ್ಟಾಂತದಲ್ಲಿ ದೀಪ ಹಿಡಿದು ಮದಲಿಂಗನನ್ನು ಎದುರುಗೊಳ್ಳುವ ಐವರು ಬುದ್ಧಿವಂತ ಕನ್ಯೆಯರು, ಬಿಳಿಯ ಆಕೃತಿ ಮದುವೆಯ ಬಿಡಾರ ಎಂಬ ವಾದ ಹಿಂದೆಯೇ ಹುಟ್ಟಿತ್ತು. 2016ರಲ್ಲಿ ಮೈಕೆಲ್ ಪೆಪ್ಪರ್ಡ್ ಅದನ್ನು ವಿಸ್ತಾರವಾಗಿ ಮತ್ತೆ ಮಂಡಿಸಿದ. ಬಾವಿಯ ಹೆಂಗಸೂ ಸಾಮಾನ್ಯವಾಗಿ ತಿಳಿಯುವಂತೆ ಸುವಾರ್ತೆಯ ಸಮಾರ್ಯದವಳಲ್ಲ, ದೇವದೂತನ ಧ್ವನಿ ಕೇಳಿ ತಿರುಗಿ ನೋಡುತ್ತಿರುವ ಯೇಸುವಿನ ತಾಯಿ ಮರಿಯಳೇ ಇರಬಹುದೆಂಬುದು ಅವನ ಇನ್ನೊಂದು ಊಹೆ. ಬಾವಿಯ ವಿಷಯದಲ್ಲಿ ನನಗೆ ಅಷ್ಟು ಖಾತ್ರಿಯಿಲ್ಲ. ಮೆರವಣಿಗೆಯ ವಿಷಯದಲ್ಲಿ ಮಾತ್ರ ದೀವಟಿಗೆಗಳು ಪೆಪ್ಪರ್ಡ್‌ನ ಪರವಾಗಿ ಸಾಕ್ಷಿ ಹೇಳುತ್ತವೆ. ಬೆಳಗಿನಲ್ಲಿ ಸಮಾಧಿಗೆ ಹೋಗುವವರಿಗೆ ಅಷ್ಟು ದೀವಟಿಗೆ ಯಾಕೆ? ಈ ಕೋಣೆಗೆ ಬಂದು ನೀರಿಗಿಳಿಯುತ್ತಿದ್ದ ದೂರಾದ ಹೆಂಗಸರು ಸಾವಿನ ನೆನಪಿಗಿಂತ ಮದುವೆಯ ದಿಬ್ಬಣದಲ್ಲಿ ತಮ್ಮನ್ನು ಕಂಡುಕೊಂಡಿದ್ದರೆ, ಆರಂಭದ ಕ್ರೈಸ್ತರ ಮನಸ್ಸಿನ ಬಗ್ಗೆ ನಾವು ಹೇಳುವ ಕತೆಯೂ ಕೊಂಚ ಬದಲಾಗಬೇಕಾಗುತ್ತದೆ.

ಈ ಕಟ್ಟಡವನ್ನು ‘ಮನೆ-ಚರ್ಚು’ ಎನ್ನುವುದು ಸರಿಯೇ ಎಂಬ ಪ್ರಶ್ನೆಯನ್ನು 2024ರಲ್ಲಿ ಕೆಮಿಲ್ ಏಂಜೆಲೊ ಮತ್ತು ಜೋಶುವಾ ಸಿಲ್ವರ್ ಎತ್ತಿದರು. ಮಾರ್ಪಾಡಾದ ಮೇಲೆ ಅದು ಮನೆಯ ಲಕ್ಷಣವನ್ನೇ ಕಳೆದುಕೊಂಡಿತ್ತು, ಊರಿನ ಬೇರೆ ಮನೆಗಳೊಂದಿಗೆ ಹೋಲಿಸಿದರೆ ಇದು ಸ್ಪಷ್ಟ ಎಂಬುದು ಅವರ ವಾದ. ಒಪ್ಪಬಹುದು. ಅಲ್ಲಿ ಯಾರೂ ವಾಸವಿರಲಿಲ್ಲ. ಆದರೂ ಹೊರಗಿನಿಂದ ನೋಡಿದವನಿಗೆ ಅದು ಪಕ್ಕದ ಮನೆಯಂತೆಯೇ ಇತ್ತೆಂಬುದೂ ಅಷ್ಟೇ ನಿಜ.

ಹಾಗಾದರೆ ಇವರು ಅಡಗಿದ್ದರೇ? ಆದಿಕಾಲದ ಕ್ರೈಸ್ತರೆಂದರೆ ನೆಲಮಾಳಿಗೆಯಲ್ಲಿ ದೀಪ ಆರಿಸಿ ಪಿಸುಗುಟ್ಟುವವರು ಎಂಬ ಚಿತ್ರ ಸಿನಿಮಾಗಳಿಂದ ನಮ್ಮ ತಲೆಯಲ್ಲಿ ಕೂತಿದೆ. ದೂರಾ ಅದಕ್ಕೆ ಒಪ್ಪುವುದಿಲ್ಲ. ಅಕ್ಕಪಕ್ಕದವರಿಗೆ ತಿಳಿಯದಂತೆ ಗೋಡೆ ಕೆಡವಿ, ತೊಟ್ಟಿ ಕಟ್ಟಿ, ಚಿತ್ರಕಾರನನ್ನು ಕರೆಸಿ, ವಾರವಾರವೂ ಜನ ಸೇರುವುದು ಸಣ್ಣ ಊರಿನಲ್ಲಿ ಸಾಧ್ಯವೇ ಇಲ್ಲ. ಈ ಮನೆ ಸಿಕ್ಕ ಹಂಗಾಮಿನಲ್ಲೇ, ಸೈನ್ಯದ ದಫ್ತರವಾಗಿದ್ದ ದೇವಾಲಯವೊಂದರಲ್ಲಿ ಬಿಲ್ಲುಗಾರರ ದಳದ ಪಪೈರಸ್ ಕಡತಗಳು ಸಿಕ್ಕವು. ಅವುಗಳಲ್ಲಿ ವರ್ಷದ ಯಾವ ದಿನ ಯಾವ ದೇವರಿಗೆ, ಯಾವ ಚಕ್ರವರ್ತಿಯ ಹೆಸರಿನಲ್ಲಿ ಎತ್ತನ್ನೋ ಹಸುವನ್ನೋ ಬಲಿ ಕೊಡಬೇಕೆಂಬ ಲ್ಯಾಟಿನ್ ಪಂಚಾಂಗವೂ ಒಂದು, ಸುಮಾರು 225ರ ಕಾಲದ್ದು. ಇಷ್ಟು ಕಟ್ಟುನಿಟ್ಟಾಗಿ ರಾಜಧರ್ಮ ಪಾಲಿಸುತ್ತಿದ್ದ ಠಾಣೆ ಒಂದು ಕಡೆ, ಅದೇ ಕೋಟೆಯೊಳಗೆ ಬಲಿ ನಿರಾಕರಿಸುವವರ ಕೂಟ ಇನ್ನೊಂದು ಕಡೆ. 250ರಲ್ಲಿ ಚಕ್ರವರ್ತಿ ಡೀಸಿಯಸ್ ಎಲ್ಲ ಪ್ರಜೆಗಳೂ ದೇವತೆಗಳಿಗೆ ಬಲಿ ಅರ್ಪಿಸಿ ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞೆ ಹೊರಡಿಸಿದ. ಈಜಿಪ್ಟಿನಲ್ಲಿ ಅಂಥ ಪತ್ರಗಳು ಹಲವು ಸಿಕ್ಕಿವೆ. ಆದರೆ ದೂರಾದ ಈ ಕೋಣೆಯಲ್ಲಿ ಯಾರೂ ಯೇಸುವಿನ ಮುಖ ಒಡೆದ ಗುರುತಿಲ್ಲ.

ಕಟ್ಟಡವನ್ನು ಮುಚ್ಚಿಸಿದ್ದು ಹಿಂಸೆಯಲ್ಲ, ಎಂಜಿನಿಯರಿಂಗ್.

ಪಾರ್ಥಿಯನ್ನರ ಜಾಗಕ್ಕೆ ಬಂದ ಸಾಸಾನಿ ಪಾರಸಿಕರ ದೊರೆ ಮೊದಲನೆಯ ಶಾಪುರ್ ಸಿರಿಯಾದ ಮೇಲೆ ಮತ್ತೆ ಮತ್ತೆ ದಂಡೆತ್ತಿ ಬಂದ. ಅವನ ವಿಜಯಗಳ ಪಟ್ಟಿಯಲ್ಲಿ ದೂರಾದ ಹೆಸರೂ ಇದೆ. ಊರು 253ರ ಸುಮಾರಿಗೆ ಒಮ್ಮೆ ಅವನ ಕೈಸೇರಿ ಮತ್ತೆ ರೋಮನ್ನರಿಗೆ ದಕ್ಕಿತೇ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಕೊನೆಯ ಮುತ್ತಿಗೆ ನಡೆದದ್ದು 256ರ ಸುಮಾರಿಗೆ ಎಂಬುದನ್ನು ನಾಣ್ಯಗಳು ಹೇಳುತ್ತವೆ. ಅಪಾಯ ಪಶ್ಚಿಮದ ಗೋಡೆಗೆ ಎಂದು ರೋಮನ್ನರಿಗೆ ತಿಳಿದಿತ್ತು. ಗೋಡೆಯನ್ನು ಕೆಳಗಿನಿಂದ ಕೊರೆದರೂ, ಟಗರುಯಂತ್ರದಿಂದ ಹೊಡೆದರೂ ಕುಸಿಯದಂತೆ ಒಳಗಿನಿಂದ ದಪ್ಪ ಮಾಡಬೇಕು. ಅದಕ್ಕೆ ಗೋಡೆಯ ಪಕ್ಕದ ಬೀದಿಯನ್ನು ಮಣ್ಣಿನಿಂದ ತುಂಬಿಸಿದರು. ಸಾಲಲಿಲ್ಲ. ಬೀದಿಯಂಚಿನ ಮನೆಗಳ ಚಾವಣಿ ಕಿತ್ತು, ಒಳಗೆ ಮಣ್ಣು, ಕಸ, ಬೂದಿ, ಹಳೆಯ ಕಡತ ಸುರಿದು ಊರೊಳಗೆ ಇಳಿಜಾರಾಗುವ ದಿಬ್ಬ ಎಬ್ಬಿಸಿದರು. ಆ ಸಾಲಿನಲ್ಲಿ ಸೈನಿಕರು ಪೂಜಿಸುತ್ತಿದ್ದ ಮಿತ್ರ ಎಂಬ ದೇವರ ಗುಡಿ ಇತ್ತು, ಯಹೂದ್ಯರ ಸಿನಗಾಗ್ ಇತ್ತು, ಕ್ರೈಸ್ತರ ಮನೆ ಇತ್ತು. ಯಾವುದಕ್ಕೂ ರಿಯಾಯಿತಿ ಸಿಗಲಿಲ್ಲ. ಗೋಡೆಗೆ ಹತ್ತಿರದ ಭಾಗ ಹೆಚ್ಚು ಆಳದಲ್ಲಿ ಹೂತು, ದೂರದ ಭಾಗ ಗಾಳಿಮಳೆಗೆ ಸಿಕ್ಕಿತು. ದೀಕ್ಷಾಸ್ನಾನದ ಕೋಣೆಯಲ್ಲಿ ತೊಟ್ಟಿಯ ಹಿಂದಿನ ಪಶ್ಚಿಮದ ಗೋಡೆ ಎತ್ತರಕ್ಕೆ ಉಳಿದು, ಪೂರ್ವದ ಗೋಡೆಯಲ್ಲಿ ಹೆಂಗಸರ ಪಾದಗಳಷ್ಟೇ ಉಳಿದದ್ದು ಹೀಗೆ. ಚಿತ್ರದ ಅರ್ಥ ಕುರಿತ ಇವತ್ತಿನ ಜಗಳಕ್ಕೆ ರೋಮನ್ ಸೈನಿಕರ ಇಳಿಜಾರೇ ಕಾರಣ.

ಪಾರಸಿಕರು ಹತ್ತೊಂಬತ್ತನೆಯ ಬುರುಜಿನ ಕೆಳಗೆ ಸುರಂಗ ಕೊರೆದರು. ಮರದ ಆಧಾರಗಳನ್ನು ನಿಲ್ಲಿಸುತ್ತ ಹೋಗಿ, ಕೊನೆಗೆ ಬೆಂಕಿಯಿಟ್ಟರೆ ಮೇಲಿನ ಬುರುಜು ಕುಸಿಯಬೇಕು. ಸದ್ದು ಕೇಳಿದ ರೋಮನ್ನರು ಒಳಗಿನಿಂದ ಎದುರು ಸುರಂಗ ತೋಡಿದರು. ಎರಡೂ ಕೂಡಿದಲ್ಲಿ ಸುಮಾರು ಇಪ್ಪತ್ತು ರೋಮನ್ ಸೈನಿಕರ ಅಸ್ಥಿಗಳು ಒಂದರ ಮೇಲೊಂದು ರಾಶಿಯಾಗಿ ಸಿಕ್ಕವು. ಕೊಂಚ ದೂರದಲ್ಲಿ ಒಬ್ಬನೇ ಪಾರಸಿಕ, ಶಿರಸ್ತ್ರಾಣ, ಕವಚ, ಕತ್ತಿ ಸಮೇತ. 1930ರ ದಶಕದಲ್ಲಿ ಇದನ್ನು ಅಗೆದ ಕೌಂಟ್ ದು ಮೆನಿಲ್ ದು ಬ್ಯುಯಿಸೊ, ಕತ್ತಲಲ್ಲಿ ಕೈಕೈ ಮಿಲಾಯಿಸಿ ಕಾದಾಡಿ ಸತ್ತರೆಂದು ತಿಳಿದ. 2009ರಲ್ಲಿ ಇಂಗ್ಲೆಂಡಿನ ಪುರಾತತ್ವಜ್ಞ ಸೈಮನ್ ಜೇಮ್ಸ್ ಅಲ್ಲಿ ಸಿಕ್ಕ ಗಂಧಕ ಮತ್ತು ಡಾಂಬರಿನ ಉಳಿಕೆಗಳನ್ನು ತೋರಿಸಿ ಬೇರೆ ಕತೆ ಹೇಳಿದ. ರೋಮನ್ನರು ಒಳನುಗ್ಗುವಾಗ ಪಾರಸಿಕರು ಇವೆರಡನ್ನೂ ಕೆಂಡಕ್ಕೆ ಹಾಕಿದರು. ವಿಷದ ಹೊಗೆ ಮೇಲ್ಮುಖವಾಗಿ ಎದುರಾಳಿಗಳ ಸುರಂಗ ಹೊಕ್ಕಿತು. ಕೆಲವೇ ನಿಮಿಷಗಳಲ್ಲಿ ಎಲ್ಲರೂ ಉರುಳಿದರು. ಹೆಣಗಳನ್ನೇ ಅಡ್ಡಗೋಡೆಯಾಗಿ ಪೇರಿಸಿ ಪಾರಸಿಕರು ಸುರಂಗಕ್ಕೆ ಬೆಂಕಿ ಇಟ್ಟರು. ಒಬ್ಬ ಮಾತ್ರ ಹೊತ್ತಿಗೆ ಸರಿಯಾಗಿ ಹೊರಬರಲಿಲ್ಲ. ಅಷ್ಟು ಮಾಡಿಯೂ ಬುರುಜು ಉರುಳಲಿಲ್ಲ, ಒಂದಿಷ್ಟು ಕುಸಿದು ನಿಂತಿತು. ಗೋಡೆಯ ಒಳಗೂ ಹೊರಗೂ ಇದ್ದ ಮಣ್ಣಿನ ದಿಬ್ಬ ಅದನ್ನು ಹಿಡಿದು ನಿಲ್ಲಿಸಿತ್ತು.

ಊರು ಕೊನೆಗೂ ಬಿತ್ತು. ಬದುಕುಳಿದವರನ್ನು ಸೆರೆಹಿಡಿದು ಒಯ್ದಿರಬೇಕು. ಶಾಪುರ್ ತಾನು ಗೆದ್ದ ಊರುಗಳ ಜನರನ್ನು ತನ್ನ ನಾಡಿಗೆ ಸಾಗಿಸುತ್ತಿದ್ದ. ಅಲ್ಲಿ ಮತ್ತೆ ಯಾವ ದೊಡ್ಡ ಊರೂ ಎದ್ದು ನಿಲ್ಲಲಿಲ್ಲ. 363ರಲ್ಲಿ ಪಾರಸಿಕರ ಮೇಲೆ ದಂಡೆತ್ತಿ ಹೋಗುತ್ತಿದ್ದ ಚಕ್ರವರ್ತಿ ಜೂಲಿಯನ್‌ನ ಸೈನ್ಯ ಈ ಹಾಳೂರನ್ನು ಹಾದುಹೋಯಿತು. ಸೈನ್ಯದಲ್ಲೇ ಇದ್ದ ಇತಿಹಾಸಕಾರ ಅಮ್ಮಿಯಾನಸ್ ಮಾರ್ಸೆಲಿನಸ್‌ಗೆ ನೆನಪಿದ್ದದ್ದು ಅಲ್ಲಿನ ಜಿಂಕೆಗಳ ಹಿಂಡು. ಸೈನಿಕರು ಬಾಣಗಳಿಂದಲೂ ದೋಣಿಯ ಹುಟ್ಟುಗಳಿಂದಲೂ ಹೊಡೆದು ಹೊಟ್ಟೆ ತುಂಬ ಉಂಡರಂತೆ. ಕ್ರೈಸ್ತ ಧರ್ಮವನ್ನು ಹಿಂದೆ ಸರಿಸಿ ಹಳೆಯ ದೇವತೆಗಳನ್ನು ಮತ್ತೆ ಪ್ರತಿಷ್ಠಾಪಿಸಲು ಹೊರಟಿದ್ದ ಚಕ್ರವರ್ತಿ ಅವನು. ಅದೇ ಗೋಡೆಯ ಒಳಬದಿಯಲ್ಲಿ ಏನು ಹೂತಿದೆಯೆಂದು ಅವನಿಗೆ ಹೇಳುವವರು ಯಾರೂ ಉಳಿದಿರಲಿಲ್ಲ.

1932ರ ಜನವರಿಯ ಪತ್ತೆ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಆದರೆ ಅದೇ ವರ್ಷದ ನವೆಂಬರಿನಲ್ಲಿ ಹೆಬ್ಬಾಗಿಲಿನ ಇನ್ನೊಂದು ಬದಿಯಲ್ಲಿ ಸಿನಗಾಗ್ ಸಿಕ್ಕಾಗ ವಿದ್ವಾಂಸರಿಗೆ ಬಿದ್ದ ಪೆಟ್ಟು ಇನ್ನೂ ದೊಡ್ಡದು. ಯಹೂದ್ಯರು ಮೂರ್ತಿ, ಚಿತ್ರ ಯಾವುದನ್ನೂ ಒಪ್ಪುವುದಿಲ್ಲ ಎಂಬುದು ಪಾಠದಂತೆ ಬಂದ ನಂಬಿಕೆ. ಇಲ್ಲಿ ಮೋಶೆ, ಎಸ್ತೇರ್, ಯೆಹೆಜ್ಕೇಲನ ದರ್ಶನದಲ್ಲಿ ಎದ್ದು ಬರುವ ಸತ್ತವರು ಗೋಡೆಯಿಂದ ಗೋಡೆಗೆ ತುಂಬಿದ್ದರು. ಚಾವಣಿಯ ಹಂಚಿನ ಬರಹ ಕಟ್ಟಡದ ನವೀಕರಣವನ್ನು 244–45ಕ್ಕೆ ಇಡುತ್ತದೆ. ಕ್ರೈಸ್ತರ ಕೋಣೆಗೆ ಬಣ್ಣ ಬಳಿದದ್ದೂ ಹೆಚ್ಚುಕಡಿಮೆ ಆಗಲೇ. ಎರಡೂ ಕೂಟಗಳು ಒಂದನ್ನೊಂದು ನೋಡಿ ಪೈಪೋಟಿಗೆ ಬಿದ್ದಿದ್ದವೋ, ಒಂದೇ ಕಸುಬುದಾರರ ಗುಂಪನ್ನು ಕರೆಸಿದ್ದವೋ, ಹೇಳಲಾಗದು. ಆದರೆ ಎರಡನ್ನೂ ಎದುರುಬದುರು ಇಟ್ಟರೆ ಕ್ರೈಸ್ತರದ್ದು ಬಡವರ ಕೆಲಸವೆಂದು ಎದ್ದು ಕಾಣುತ್ತದೆ. ಸಿನಗಾಗಿನಲ್ಲಿ ನುರಿತ ಕೈ, ಬೆಲೆಬಾಳುವ ವಿಸ್ತಾರ. ಕ್ರೈಸ್ತರ ಕೋಣೆಯಲ್ಲಿ ಅವಸರದ ಗೆರೆಗಳು.

1933ರಲ್ಲಿ ಮಣ್ಣಿನ ದಿಬ್ಬದಿಂದ ಅಂಗೈ ಅಗಲದ ತೊಗಲಿನ ತುಣುಕೊಂದು ಸಿಕ್ಕಿತು. ಗ್ರೀಕ್ ಅಕ್ಷರಗಳಲ್ಲಿ ಹದಿನಾಲ್ಕು ಸಾಲು ಉಳಿದಿತ್ತು. ಜೆಬೆದಾಯನ ಮಕ್ಕಳ ತಾಯಿ, ಸಲೋಮೆ, ಯೇಸುವನ್ನು ಹಿಂಬಾಲಿಸಿ ಗಲಿಲಾಯದಿಂದ ಬಂದವರು, ಆಮೇಲೆ ಅರಿಮಥಾಯದ ಯೋಸೇಫ. ಒಂದೇ ಸುವಾರ್ತೆಯ ಪಾಠವಲ್ಲ ಅದು. ನಾಲ್ಕನ್ನೂ ಹೆಣೆದು ಒಂದೇ ಕತೆ ಮಾಡಿದ ಪಠ್ಯ. ಎರಡನೆಯ ಶತಮಾನದಲ್ಲಿ ಟೇಷಿಯನ್ ಹಾಗೆ ಹೆಣೆದ ಗ್ರಂಥದ ತುಣುಕೇ ಇದು ಎಂದು ಬಹುಕಾಲ ನಂಬಿದ್ದರು. 1999ರಲ್ಲಿ ಡೇವಿಡ್ ಪಾರ್ಕರ್ ಮತ್ತು ಸಂಗಡಿಗರು ಅಲ್ಲವೆಂದರು, ಅವರಿಗೂ ಉತ್ತರ ಬಂತು. ಯಾರದ್ದೇ ಆಗಿರಲಿ, 256ಕ್ಕಿಂತ ಮುಂಚಿನ ಸುವಾರ್ತೆಯ ತುಣುಕು ಇದು. ದಿಬ್ಬ ತುಂಬಿಸುವವರ ಕೈಗೆ ಅದು ಹೇಗೆ ಬಂತೆಂಬುದು ಮಾತ್ರ ಕುತೂಹಲದ ಸಂಗತಿ. ಸಿಕ್ಕ ಜಾಗ ಕ್ರೈಸ್ತರ ಮನೆಯ ಹತ್ತಿರವೂ ಅಲ್ಲ.

ದೂರಾದ ನಿಜವಾದ ಬೆಲೆ ಇರುವುದು ಈ 256ರಲ್ಲಿ. ರೋಮ್‌ನ ನೆಲಮಾಳಿಗೆಗಳ ಚಿತ್ರಗಳ ಕಾಲವನ್ನು ಶೈಲಿ ನೋಡಿ ಊಹಿಸಬೇಕು. 2005ರಲ್ಲಿ ಇಸ್ರೇಲಿನ ಮೆಗಿದ್ದೊ ಸೆರೆಮನೆಯ ಆವರಣದಲ್ಲಿ ಇನ್ನೊಂದು ಪ್ರಾರ್ಥನಾಲಯ ಸಿಕ್ಕಿತು. ಅದರ ಬಣ್ಣದ ಹರಳಿನ ನೆಲದಲ್ಲಿ ಅಕೆಪ್ಟೂಸ್ ಎಂಬ ಹೆಂಗಸು ದೇವರಾದ ಯೇಸು ಕ್ರಿಸ್ತನಿಗೆ ಮೇಜನ್ನು ಅರ್ಪಿಸಿದಳೆಂದು ಬರೆದಿದೆ. ಅಗೆದವರು ಅದನ್ನು ಸುಮಾರು 230ಕ್ಕೆ ಇಡುತ್ತಾರೆ. ಒಪ್ಪಿದರೆ ದೂರಾಕ್ಕಿಂತ ಹಳೆಯದು. ಆದರೆ ಕೆಲವರು ಅದು ಹೊಸದಿರಬಹುದೆನ್ನುತ್ತಾರೆ. ದೂರಾದ ವಿಷಯದಲ್ಲಿ ಆ ಬಗೆಯ ವಾದಕ್ಕೆ ಎಡೆಯೇ ಇಲ್ಲ. ಮಣ್ಣು ಸುರಿದ ದಿನದಾಚೆಗೆ ಯಾರೂ ಅಲ್ಲಿ ಕುಂಚ ಹಿಡಿದಿಲ್ಲ. ಕಾನ್ಸ್ಟಂಟೈನ್ ಚಕ್ರವರ್ತಿ ಕ್ರೈಸ್ತರ ಪರ ನಿಂತು ದೊಡ್ಡ ದೊಡ್ಡ ಚರ್ಚುಗಳು ಏಳುವುದಕ್ಕೆ ಅರವತ್ತು ವರ್ಷ ಮೊದಲೇ ಒಂದು ಗಡಿ ಠಾಣೆಯ ಸಾಮಾನ್ಯ ಜನ ಏನು ನಂಬಿದ್ದರು, ಹೇಗೆ ಸೇರುತ್ತಿದ್ದರು ಎಂಬುದನ್ನು ನೇರವಾಗಿ ತೋರಿಸುವ ಕಟ್ಟಡ ಇದೊಂದೇ ಎಂದರೂ ತಪ್ಪಾಗದು.

ಅಗೆದದ್ದನ್ನು ಹಂಚಿಕೊಳ್ಳುವುದು ಆಗಿನ ಪದ್ಧತಿ. ಹೆನ್ರಿ ಪಿಯರ್ಸನ್ ಎಂಬ ವಾಸ್ತುಶಿಲ್ಪಿ ಚಿತ್ರಗಳನ್ನು ಗೋಡೆಯಿಂದ ಬಿಡಿಸಿ ಪೆಟ್ಟಿಗೆಗಳಲ್ಲಿ ತುಂಬಿದ. ಸಿನಗಾಗಿನ ಚಿತ್ರಗಳು ದಮಾಸ್ಕಸ್‌ನ ವಸ್ತುಸಂಗ್ರಹಾಲಯಕ್ಕೆ ಹೋದವು, ಕ್ರೈಸ್ತರ ಕೋಣೆ ಅಮೆರಿಕದ ಯೇಲ್‌ಗೆ. ಗೋಡೆಯಿಂದ ಬಿಡಿಸಿದ್ದು, ಸಾಗಿಸಿದ್ದು, ಆಮೇಲೆ ಸಂರಕ್ಷಿಸಲು ಮಾಡಿದ ಪ್ರಯತ್ನ ಎಲ್ಲ ಸೇರಿ ಬಣ್ಣ ಮಾಸಿತು. ಇಂದು ಪೇತ್ರ ಮುಳುಗುವ ಚಿತ್ರವನ್ನು ಅರ್ಥ ಮಾಡಿಕೊಳ್ಳಲು ಪಿಯರ್ಸನ್ ಅಂದು ಬಿಡಿಸಿದ ನಕಲನ್ನು ಪಕ್ಕದಲ್ಲಿಟ್ಟು ನೋಡಬೇಕು. ಪಶ್ಚಿಮದ ದೇಶಗಳಲ್ಲಿದ್ದರಷ್ಟೇ ಪ್ರಾಚೀನ ವಸ್ತುಗಳು ಸುರಕ್ಷಿತ ಎನ್ನುವವರು ಈ ಎರಡು ಕೋಣೆಗಳನ್ನು ಹೋಲಿಸಬೇಕು. ಸಿರಿಯಾದ ಯುದ್ಧದ ನಡುವೆಯೂ ದಮಾಸ್ಕಸ್‌ನ ಸಿನಗಾಗ್ ಉಳಿದಿದೆ, ಬಣ್ಣವೂ ಉಳಿದಿದೆ.

ಬಿಟ್ಟುಬಂದ ನೆಲದ ಗತಿ ಹಾಗಾಗಲಿಲ್ಲ. 2011ರ ನಂತರ ಸರಕಾರದ ಹಿಡಿತ ತಪ್ಪಿದಾಗ ನಿಧಿಗಳ್ಳರು ಗುದ್ದಲಿ, ಯಂತ್ರ ಹಿಡಿದು ಬಂದರು. ಅಮೆರಿಕದ ವಿಜ್ಞಾನ ಸಂಘದ ತಜ್ಞರು ಉಪಗ್ರಹದ ಚಿತ್ರಗಳನ್ನು ಪರಿಶೀಲಿಸಿದಾಗ, 2014ರ ಏಪ್ರಿಲ್ ವೇಳೆಗೆ ಕೋಟೆಯೊಳಗಿನ ನೆಲದ ನೂರಕ್ಕೆ 76 ಭಾಗ ಗುಂಡಿಗಳಿಂದ ಹಾಳಾಗಿತ್ತು. ಗುಂಡಿಯ ಪಕ್ಕ ಗುಂಡಿ ಎಷ್ಟು ಒತ್ತಾಗಿದ್ದವೆಂದರೆ ಬೇರೆ ಬೇರೆಯಾಗಿ ಎಣಿಸಲಾಗಲಿಲ್ಲ. ಆಮೇಲೆ ಐಸಿಸ್ ಆ ಪ್ರದೇಶವನ್ನು ಹಿಡಿಯಿತು. ಯೇಲ್‌ನವರು ಹತ್ತು ಹಂಗಾಮುಗಳಲ್ಲಿ ಅಗೆದದ್ದು ಊರಿನ ಒಂದು ಭಾಗವನ್ನಷ್ಟೇ. ಉಳಿದದ್ದನ್ನು ಮುಂದಿನ ತಲೆಮಾರು ಉತ್ತಮ ವಿಧಾನಗಳಿಂದ ಅಗೆಯಲಿ ಎಂಬ ಆಸೆ ಆ ಗುಂಡಿಗಳ ಜೊತೆ ಹೋಯಿತು. ಈಗ ಅಳಿದುಳಿದಿರುವುದು ಹೆಚ್ಚಾಗಿ ಕಡತಗಳಲ್ಲಿದೆ. ಅವೂ ಇಂಗ್ಲಿಷ್, ಫ್ರೆಂಚ್‌ಗಳಲ್ಲಿವೆ. ಮಣ್ಣು ಹೊತ್ತ ಸಾಲಿಹಿಯೆಯವರ ಮೊಮ್ಮಕ್ಕಳು ತಮ್ಮ ಊರಿನ ಬಗ್ಗೆ ಓದಬೇಕೆಂದರೆ ಅರಬ್ಬಿಯಲ್ಲಿ ಏನೂ ಇರಲಿಲ್ಲವೆನ್ನುವಷ್ಟು ಕಡಿಮೆ. ಇತ್ತೀಚೆಗೆ ದೂರಾ-ಯೂರೋಪೊಸ್‌ನ ಅಂತರರಾಷ್ಟ್ರೀಯ ಡಿಜಿಟಲ್ ದಾಖಲೆ ಯೋಜನೆಯೊಂದು ಯೇಲ್‌ನ ಫೋಟೊಗಳು, ನಕ್ಷೆಗಳು, ವಸ್ತುಗಳ ಪಟ್ಟಿಗಳನ್ನು ಒಂದಕ್ಕೊಂದು ಜೋಡಿಸಿ, ಅವುಗಳ ವಿವರವನ್ನು ಅರಬ್ಬಿಯಲ್ಲೂ ಬರೆಯುವ ಕೆಲಸಕ್ಕೆ ಕೈಹಾಕಿದೆ.